ಅಮ್ಮನ ಬಾಯಿಗೆ ಅಂಟಿಸಿದ ನಗು

ಮುಂಬೈಯ ಹೋಟೆಲಿನಲ್ಲಿದ್ದ ಚಿಕ್ಕಪ್ಪ ಒಮ್ಮೆ ರಜೆಗೆ ಬಂದಾಗ ಕೀಲಿ ತಿರುಗಿಸಿ ಓಡಿಸುವ ಸಿನಿಮಾ ಕ್ಯಾಮೆರಾ ತಂದಿದ್ದ. ಅದರಲ್ಲಿ ಚಿತ್ರ ಬರುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಹಂಗಾರಕಟ್ಟೆಯ ದಡದಲ್ಲಿ ಬಂಗುಡೆ ಬುಟ್ಟಿ ಹೊತ್ತು ಮಾರಲು ಹೊರಟ ಅಮ್ಮನನ್ನು ಅವನು ನಿಲ್ಲಿಸಿದ. ನಡೆದದ್ದು ಚೆನ್ನಾಗಿ ಬರಲಿಲ್ಲವೆಂದು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿ ನಡೆಸಿದ. ಬಿಸಿಲಿಗೆ ಮೀನು ಹಾಳಾಗುತ್ತಿತ್ತು. ಕೊನೆಗೆ ಅಮ್ಮ ಕ್ಯಾಮೆರಾದ ಕಡೆ ತಿರುಗಿ 'ಥೂ' ಎಂದು ಉಗುಳಿದಳು. ನಾನು ಪಕ್ಕದಲ್ಲೇ ಇದ್ದೆ.

ಅಮ್ಮ ಓಡಾಡುವುದು ಕಾಣುವುದು ಆ ರೀಲಿನಲ್ಲಿ ಮಾತ್ರ. ಚಿಕ್ಕಪ್ಪ ನನಗೆ ಕೊಟ್ಟುಹೋಗಿದ್ದ ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೆ, ಮುಚ್ಚಳ ತೆಗೆದರೆ ಹಳೆಯ ಫಿಲ್ಮಿನ ಹುಳಿ ನಾತ. ಈಚೆಗೆ ಚಿಕ್ಕಪ್ಪನ ಮೊಮ್ಮಗ ಬಂದು ಕೇಳಿದ. ಬೈಂದೂರಿನಲ್ಲಿ ಅವನ ಹೊಸ ಹೋಟೆಲ್ ತೆರೆಯುವ ದಿನ ಅಜ್ಜ ತೆಗೆದ ಸಿನಿಮಾ ತೋರಿಸಬೇಕಂತೆ. ಕೊಟ್ಟೆ.

ಕುಂದಾಪುರದ ಸ್ಟುಡಿಯೊದಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿಸಿ, ಶಬ್ದ ಸೇರಿಸಿ, ನನ್ನನ್ನು ನೋಡಲು ಕರೆದ. ಉಪ್ಪಿನ ಚೀಲ ತುಳಿದು ಮರಳಿನ ಮೇಲೆ ನಡೆಯುವ ಸದ್ದು ಮಾಡಿದ್ದರು. ನೆಲ ಒರೆಸುವ ಒದ್ದೆ ಬಟ್ಟೆ ಬಡಿದು ಮೀನು ಒದ್ದಾಡಿಸಿದ್ದರು. ಅಷ್ಟನ್ನು ಸಹಿಸಿಕೊಂಡೆ. ಆದರೆ ಅಮ್ಮ ಉಗುಳಿದ್ದನ್ನು ಕತ್ತರಿಸಿ, ಅವಳು ಬಾಯಿ ತೆರೆದ ಚೂರಿಗೆ ಯಾವುದೋ ಹುಡುಗಿಯ ಕಿಲಕಿಲ ನಗು ಅಂಟಿಸಿದ್ದರು. ಎಂಥ ಹೇಸಿಗೆ ಕೆಲಸ!

"ಹೋಟ್ಲಿಗ್ ಬಪ್ಪೋರ್ ಎದ್ರ್ ಉಗುಳುದ್ ತೋರ್ಸುಕ್ ಆತ್ತಾ, ಅತ್ತೆ?" ಎಂದ ಮೊಮ್ಮಗ.

ಹಾಗಾದರೆ ಅಮ್ಮನನ್ನೇ ತೋರಿಸಬೇಡ, ರೀಲು ಕೊಡು ಎಂದೆ. ಅವನು ರಾಜಿಗೆ ಬಂದ. ಉಗುಳುವುದನ್ನು ಇಡೋಣ, ದನಿ ನೀವೇ ಕೊಡಿ, ಆದರೆ ತಮಾಷೆಗೆ ಗದರಿದ ಹಾಗೆ ಇರಲಿ ಎಂದು ಮೈಕಿನ ಮುಂದೆ ನಿಲ್ಲಿಸಿದ. ಅಮ್ಮನ ಮುಖ ಉಳಿಯಲಿ ಎಂದು ನಾನೂ ನಿಂತೆ. 'ಥೂ' ಎಂದೆ. ಜೋರಾಯಿತಂತೆ. ಮೆಲ್ಲಗೆ ಎಂದೆ. ಸಿಟ್ಟು ಕಾಣುತ್ತದಂತೆ. ಹಾಡಿದ್ದೇ ಹಾಡೋ ಕಿಸುಬಾಯಿ ದಾಸನ ಹಾಗೆ ಸ್ಟುಡಿಯೊದವನದು ಒಂದೇ ಮಾತು.

"ಇನ್ನೊಂದ್ ಸರ್ತಿ ಅಮ್ಮ. ಸಲ್ಪ ನೆಗಾಡ್ಕಂಡ್ ಹೇಳಿ."

ಗಂಟಲು ಒಣಗಿತ್ತು, ಕಾಲು ಸೋತಿತ್ತು. ಪರದೆಯ ಮೇಲೆ ಅಮ್ಮ ಬುಟ್ಟಿ ಹೊತ್ತು ಮತ್ತೆ ಮೊದಲಿನಿಂದ ನಡೆದು ಬಂದಳು. ಅವಳನ್ನು ಇವರು ಇನ್ನೂ ನಡೆಸುತ್ತಲೇ ಇದ್ದಾರಲ್ಲ ಅನಿಸಿ ಮೈ ಉರಿಯಿತು. ಅವಳು ಈ ಕಡೆ ತಿರುಗಿದಾಗ ನಾನು ಉಗುಳಿದೆ. ನಿಜವಾಗಿ ಉಗುಳಿದೆ. ಮೈಕಿನ ಸ್ಪಂಜು ಒದ್ದೆಯಾಯಿತು.

ಸ್ಟುಡಿಯೊದವನು ಅದನ್ನು ಚಿತ್ರಕ್ಕೆ ಕೂಡಿಸಿ ಹಾಕಿದ. ಅಮ್ಮನ ತುಟಿಗೆ ಸರಿಯಾಗಿ ಕೂತಿತು. ಮೊಮ್ಮಗ ಪರದೆ ಆರಿಸಲು ಹೇಳಿದ.

ಹೋಟೆಲ್ ತೆರೆದ ದಿನ ಸಿನಿಮಾ ತೋರಿಸಲಿಲ್ಲ. ಗೋಡೆಯ ಮೇಲೆ ಚಿಕ್ಕಪ್ಪನ ಫೋಟೊ ಮಾತ್ರ ಇತ್ತು, ಮಲ್ಲಿಗೆ ಹಾರ ಹಾಕಿದ್ದರು. ರೀಲು ನನ್ನ ಡಬ್ಬಿಗೆ ವಾಪಸು ಬಂದಿದೆ. ಅದರಲ್ಲಿ ಅಮ್ಮ ನಗುವುದಿಲ್ಲ.