ತೆರೆಯದ ಪೂರ್ವ ಬಾಗಿಲು

ಕಳೆದ ಶನಿವಾರ ನಾನು ನನ್ನದೇ ಮನೆಯ ಬಾಗಿಲು ತಟ್ಟಿದೆ. ಒಳಗಿನಿಂದ ಹೆಣ್ಣುದನಿಯೊಂದು ಕೂಗಿತು: "ಈ ಬಾಗ್ಲು ತೆಗಿಯೋಕಾಗಲ್ಲ, ಗ್ಯಾರೇಜ್ ಕಡೆಯಿಂದ ಬನ್ನಿ!"

ಓನರ್ ನಾನು. ಪಾರ್ಸೆಲ್ ತಂದವನ ಹಾಗೆ ಪಕ್ಕಕ್ಕೆ ಸರಿದು ಒಳಗೆ ಹೋದೆ.

ಫ್ಲೂಗರ್‌ವಿಲ್‌ನ ಈ ಮನೆಯನ್ನು ಕೊಂಡಿದ್ದು ಬಾಡಿಗೆಗೆ ಕೊಡಲು. ಆಗ ಆಸ್ಟಿನ್ ಸುತ್ತಮುತ್ತ ಮನೆಗಳು ಮದುವೆಮನೆಯ ಹೋಳಿಗೆಯಂತೆ ಖಾಲಿಯಾಗುತ್ತಿದ್ದವು. ಇದು ಈಸ್ಟ್ ಫೇಸಿಂಗ್ ಬೇರೆ! ಆ ಎರಡು ಪದ ಕೇಳಿದರೆ ಇಲ್ಲಿನ ನಮ್ಮವರಿಗೆ ಬೇರೇನೂ ಕೇಳಿಸುವುದಿಲ್ಲ. ಮನೆ ಕೊಡಿಸುವ ನನ್ನ ರಿಯಲ್ಟರ್ (ಅವನೂ ನಮ್ಮವನೇ; ಪಾರ್ಟಿಗಳಲ್ಲಿ ನಾನು ಅವನ ಮಿಮಿಕ್ರಿ ಮಾಡಿದರೆ ಒಳ್ಳೆಯ ಚಪ್ಪಾಳೆ) ಪಿಸುಗುಟ್ಟಿದ: "ಬ್ರೋ, ಇನ್ನೂ ಮೂರು ದೇಸಿ ಫ್ಯಾಮಿಲಿ ಲೈನಲ್ಲಿದೆ. ಮನೆ ಚೆಕ್ ಮಾಡಿಸೋ ಇನ್ಸ್‌ಪೆಕ್ಷನ್ ಎಲ್ಲ ಬಿಟ್ಬಿಡಿ, ಆಫರ್ ಸ್ವಲ್ಪ ಏರಿಸಿ."

ಬಿಟ್ಟೆ. ಏರಿಸಿದೆ. ದಿಕ್ಕು ನೋಡಿದವನು ನೆಲ ನೋಡಲಿಲ್ಲ.

ಇಲ್ಲಿನ ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ. ತಳಪಾಯ ಒಂದು ಕಡೆ ಕುಸಿಯಿತು. ಬಾಗಿಲಿನ ಚೌಕಟ್ಟು ಸೊಟ್ಟಗಾಯಿತು. ರಿಪೇರಿಯ ಎಸ್ಟಿಮೇಟ್ ನೋಡಿ ನಾನೂ ಸೊಟ್ಟಗಾದೆ. ಇದ್ದಬದ್ದ ಉಳಿತಾಯವನ್ನೆಲ್ಲ ಸುರಿದು ಮನೆ ಉಳಿಸಿಕೊಳ್ಳುವುದೋ, ನಷ್ಟಕ್ಕೆ ಮಾರುವುದೋ?

ಪಾಟೀಲ್ ಅಂಕಲ್‌ಗೆ ಫೋನ್ ಮಾಡಿದೆ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿರುವ ರಿಟೈರ್ಡ್ ಸರ್ಜನ್. ಡಲ್ಲಾಸ್ ಕಡೆ ಎರಡು ಮನೆ ಕೊಂಡು ಎರಡರಲ್ಲೂ ಕೈಸುಟ್ಟುಕೊಂಡವರು. (ಸಲಹೆ ಕೇಳಲು ಇದಕ್ಕಿಂತ ದೊಡ್ಡ ಅರ್ಹತೆ ಬೇಕೆ?)

"ತಮ್ಮಾ, ಕಾಲ್ಬೆರಳು ಕೊಳತದ. ಬೆರಳು ತಗಿತಿಯೋ, ಕಾಲ ತಗಿತಿಯೋ?"

"ಒಂದೆರಡು ವರ್ಷ ಕಾದ್ರೆ ರೇಟು ವಾಪಸ್ ಬರಬಹುದಲ್ವಾ, ಅಂಕಲ್?"

"ಬರಬಹುದು. ಅಲ್ಲೀತನಕಾ? ನಾಳೆ ನೌಕರಿ ಹೋದ್ರ ಎಷ್ಟ್ ತಿಂಗಳು ತಡಕೋತಿ?"

ನಾನು ಅವರದೇ ಧಾಟಿಯಲ್ಲಿ, "ಎರಡ್ ತಿಂಗಳರೀ," ಎಂದೆ.

"ನನ್ನ ಅಣಕ ಆಮ್ಯಾಲ ಮಾಡು. ಮೊದಲ ಮನಿ ಮಾರು!"

ಅದನ್ನು ಹೇಳಲೆಂದೇ ಶನಿವಾರ ಹೋಗಿದ್ದು. ಗೆಳತಿಯರ ಜೊತೆ ಬಾಡಿಗೆಗಿರುವ ಆಯೇಷಾ ಮೈಸೂರಿನವಳು, ಪಿಎಚ್‌ಡಿ ಮಾಡುತ್ತಿದ್ದಾಳೆ. ಟೀ ಕೊಟ್ಟಳು.

"ಬಾಗಿಲು ಯಾವಾಗಿಂದ ಹೀಗೆ?" ಎಂದೆ.

"ಗೊತ್ತಿಲ್ಲ. ಕಂಟ್ರಾಕ್ಟರ್ ಬಂದು ಎಳೆದಾಗಲೇ ಗೊತ್ತಾಗಿದ್ದು. ನಾವು ಕಾರಿಂದ ಇಳಿದು ಗ್ಯಾರೇಜಿಂದಾನೇ ಬರ್ತೀವಲ್ಲ, ಆ ಬಾಗ್ಲು ಒಂದಿನಾನೂ ತೆಗೆದಿಲ್ಲ. ಯಾಕೆ, ಅದೇನಾದ್ರೂ ಸ್ಪೆಷಲ್ಲಾ?"

(ಸ್ಪೆಷಲ್ಲಾ? ಅದಕ್ಕೆಂದು ಹೆಚ್ಚಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಕಾರು ಬರುತ್ತಿತ್ತು, ತಾಯಿ.)

ಒಂದು ನಿಮಿಷ ಮೇಲೆ ಹೋಗಿ ಬರಲೇ ಎಂದು ಕೇಳಿದೆ. ಮೇಲೊಂದು ಚಿಕ್ಕ ಕೋಣೆಯಿದೆ. ಸಾಲ ಸ್ವಲ್ಪ ಹಗುರಾದ ಮೇಲೆ ನಾನೇ ಬಂದು ಇರಬೇಕು, ಆ ಕೋಣೆ ನನ್ನದಾಗಬೇಕು ಎಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ನನ್ನ ಅಪಾರ್ಟ್‌ಮೆಂಟಿನ ಗೋಡೆ ಎಷ್ಟು ತೆಳುವೆಂದರೆ ಮಿಮಿಕ್ರಿಯನ್ನೂ ಪಿಸುದನಿಯಲ್ಲೇ ಮಾಡಬೇಕು. ಇಲ್ಲಿ ಗಂಟಲು ಬಿಚ್ಚಿ ಎಲ್ಲರ ದನಿಯನ್ನೂ ಕೂಗಬಹುದಿತ್ತು. ಈಗ ಅಲ್ಲಿ ಆಯೇಷಾಳ ಪುಸ್ತಕಗಳು, ಒಣಹಾಕಿದ ಬಟ್ಟೆ. ಕಿಟಕಿಯಿಂದ ಬಿಸಿಲು. ಬಾಗಿಲಲ್ಲೇ ನಿಂತಿದ್ದು ಕೆಳಗಿಳಿದೆ.

ವಿಷಯ ಹೇಳಿದೆ. ಬಾಡಿಗೆ ಕರಾರು ಮುಗಿಯುವವರೆಗೆ ಅವರನ್ನು ಯಾರೂ ಎಬ್ಬಿಸುವುದಿಲ್ಲ ಎಂದೂ ಹೇಳಿದೆ.

"ನಿಮಗೆ ಬೇಜಾರಾಗಲ್ವಾ?" ಎಂದಳು.

"ಇನ್ವೆಸ್ಟ್‌ಮೆಂಟ್ ಕಣ್ರೀ, ಬೇಜಾರೇನು ಬಂತು!" ಎಂದೆ. ಯಾರ ದನಿಯಲ್ಲಿ ಹೇಳಿದೆನೋ, ನನ್ನದಂತೂ ಅಲ್ಲ.

ಬುಧವಾರ ಒಂದು ಆಫರ್ ಬಂತು. ಕಡಿಮೆಯೇ. ಒಪ್ಪಿಕೊಂಡೆ. ನೀವು ಮನೆ ಕೊಳ್ಳುವವರಾದರೆ ಇನ್ಸ್‌ಪೆಕ್ಷನ್ ಬಿಡಬೇಡಿ, ಕೈಯಲ್ಲಿ ಆರು ತಿಂಗಳ ಖರ್ಚು ಇಟ್ಟುಕೊಳ್ಳದೆ ಸಹಿ ಹಾಕಬೇಡಿ. ಬುದ್ಧಿ ಇಷ್ಟು ದುಬಾರಿಯಾಗಬೇಕಿರಲಿಲ್ಲ.

ಬಾಡಿಗೆ ಮನೆಯ ನಷ್ಟವನ್ನು ಟ್ಯಾಕ್ಸ್‌ನಲ್ಲಿ ತೋರಿಸಬಹುದಂತೆ. ನಾನು ಒಂದು ರಾತ್ರಿಯೂ ಮಲಗದ ಮನೆ ನೆನಪಾಗುತ್ತಿದ್ದರೆ, ಅದನ್ನು ಯಾವ ಫಾರ್ಮಿನಲ್ಲಿ ತುಂಬಬೇಕು?