ಖಡಕ್ ರೊಟ್ಟಿಗೆ ಒಂದು ಹ್ಯಾಂಡಲ್ ಬ್ಯಾಗು

ಸಂಡೂರಿನ ಮೈನ್ಸ್‌ನಲ್ಲಿ ಕೆಲಸ ಮಾಡುವ ನನ್ನ ಸೋದರಮಾವ ಹೊಟ್ಟೆ ಕರಗಿಸಬೇಕೆಂದು ಎಲೆಕ್ಟ್ರಿಕ್ ಸೈಕಲ್ ತೆಗೆದುಕೊಂಡಿದ್ದ. ಕೆಲಸವೆಲ್ಲ ಮೋಟಾರೇ ಮಾಡಿದರೆ ಹೊಟ್ಟೆ ಯಾಕೆ ಕರಗುತ್ತದೆ ಅನ್ನುವುದು ಅವನಿಗೆ ಆಮೇಲೆ ಹೊಳೆಯಿತು. ಸ್ವಲ್ಪ ದಿನ ಅದರ ಮೇಲೆ ಟವೆಲ್ ಒಣಗಿಸಿ, ಕೊನೆಗೆ ನನಗೆ ದಾಟಿಸಿದ.

"ತಗೊಂಡು ಹೋಗಲೇ. ನಿಮ್ಮವ್ವನ ರೊಟ್ಟಿ ಹೊರಾಕ ಆಗತೈತಿ."

ನನ್ನ ತಲೆನೋವು ಆ ಮಾತಿನಿಂದಲೇ ಶುರುವಾಯಿತು.

ಅವ್ವ ಕಡ್ಡಿರಾಂಪುರದ ನಮ್ಮ ಮನೆಯಲ್ಲೇ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಒಣಗಿದ ಮೇಲೆ ಅದು ಹಪ್ಪಳದ ಹಾಗೆ. ಬೆರಳು ಒತ್ತಿದರೆ ಪಟ್ ಅನ್ನುತ್ತದೆ. ಹಂಪಿ ರಸ್ತೆಯ ಒಂದು ಹೋಮ್‌ಸ್ಟೇ ಮಾಲೀಕರು ದಿನಾ ಬೆಳಗ್ಗೆ ರೊಟ್ಟಿ ತರಿಸಿಕೊಳ್ಳಲು ಒಪ್ಪಿದ್ದರು. ಷರತ್ತು ಒಂದೇ, ರೊಟ್ಟಿ ಇಡಿಯಾಗಿರಬೇಕು.

"ಗೆಸ್ಟ್‌ಗಳು ಫೋಟೋ ಹೊಡಿತಾರಪಾ. ಚೂರು ತಂದ್ರ ನಂಗ ಬ್ಯಾಡ. ಹೊಸಪೇಟಿ ಸಂಘದ ಹೆಣ್ಮಕ್ಕಳು ಆಟೋದಾಗ ತಂದು ಕೊಡ್ತೀವಿ ಅಂತ ಕುಂತಾರ," ಅಂದರು.

ಅವ್ವನಿಗೆ ಅದಕ್ಕಿಂತ ದೊಡ್ಡ ಗಿರಾಕಿ ಇಲ್ಲ. ಉಳಿದವರು ಹಬ್ಬ ಬಂದಾಗ ಮಾತ್ರ ನೆನಪು ಮಾಡಿಕೊಳ್ಳುವವರು. ಇದು ತಪ್ಪಿದರೆ ಅವಳು ಮತ್ತೆ ಬಾಳೆತೋಟದ ಕೂಲಿಗೆ ಹೋಗಬೇಕು. ಅವಳ ಸೊಂಟ ಈಗ ಅದಕ್ಕೆ ಬಗ್ಗುವುದಿಲ್ಲ.

ಸೈಕಲ್ಲಿನ ಹಿಂದಿನ ಕ್ಯಾರಿಯರ್ ತುಂಬ ಬ್ಯಾಟರಿ ಪೆಟ್ಟಿಗೆ. ಕುಲುಕು ತಡೆಯುವ ಶಾಕ್ ಅಬ್ಸಾರ್ಬರ್ ಇರುವುದು ಮುಂದಿನ ಗಾಲಿಗೆ ಮಾತ್ರ. ಆದ್ದರಿಂದ ರೊಟ್ಟಿ ಹ್ಯಾಂಡಲ್ ಮೇಲೆಯೇ ಕೂರಬೇಕು. ಮೊದಲು ಬಟ್ಟೆ ಚೀಲ ತೂಗುಹಾಕಿ ನೋಡಿದೆ. ಅದು ಜೋಕಾಲಿ ಆಡಿ ಗಾಲಿಗೆ ಸಿಕ್ಕಿತು. ಆಮೇಲೆ ಮೊಬೈಲ್‌ನಲ್ಲಿ ಹ್ಯಾಂಡಲ್ ಬ್ಯಾಗಿನ ವೀಡಿಯೋ ನೋಡಿದೆ. ಅದರಲ್ಲೊಬ್ಬ ಹೆಲ್ಮೆಟ್ಟು ಹಾಕಿಕೊಂಡು ಮನೆಯೊಳಗೆ ಕೂತಿದ್ದ. ಬ್ಯಾಗಿನ ಒಂದೊಂದೇ ಜೇಬು ತೆಗೆದು, ಇದು ಕೂಲಿಂಗ್ ಗ್ಲಾಸಿಗೆ, ಇದು ಬಾಳೆಹಣ್ಣಿಗೆ ಅಂತ ತೋರಿಸಿದ. ಒಂದು ಬಾಳೆಹಣ್ಣಿಗೆ ಒಂದು ಜಿಪ್ಪು! ನಮ್ಮೂರಲ್ಲಿ ಗೊನೆಗೊನೆ ಬಾಳೆ ಹಗ್ಗ ಬಿಗಿದುಕೊಂಡು ಹೋಗುತ್ತದೆ, ಪಾಪ, ಜೇಬು ಕೇಳುವುದಿಲ್ಲ.

ಹೊಸಪೇಟೆಯ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವನು ಕರಿ ಬ್ಯಾಗೊಂದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದ.

"ಇದು ಅಡ್ವೆಂಚರ್ ಬ್ಯಾಗ್ ತಮ್ಮಾ. ನೀರು ಹೋಗಂಗಿಲ್ಲ, ರಾತ್ರಿ ಮಿಂಚತೈತಿ."

"ರೊಟ್ಟಿ ಹಿಡಿತೈತೇನ್ರಿ?"

"ರೊಟ್ಟಿ?" ಅವನ ಮುಖ ಹುಳಿ ಆಯಿತು. "ಬುತ್ತಿ ಕಟ್ಟಾಕ ತಂದಿದ್ದಲ್ಲಪಾ ಇದು. ಅಡ್ವೆಂಚರ್."

"ನಮ್ ರೋಡಿನ್ಯಾಗ ಖಡಕ್ ರೊಟ್ಟಿ ಇಡಿ ಮುಟ್ಟಿಸೋದು ಅಡ್ವೆಂಚರ್ ಅಲ್ಲೇನ್ರಿ?"

ಕೊನೆಗೆ ಅಂಗಡಿಯಲ್ಲೇ ದೊಡ್ಡದು ಆರಿಸಿಕೊಂಡೆ. ಅಗಲವಾಗಿತ್ತು, ಎರಡೂ ಪಕ್ಕಕ್ಕೆ ಜೇಬುಗಳು. ದೊಡ್ಡದು ತಗೊಂಡರೆ ರೊಟ್ಟಿ ಆರಾಮಾಗಿ ಕೂರುತ್ತದೆ ಅಂದುಕೊಂಡೆ. ದೊಡ್ಡ ಬ್ಯಾಗಿನಲ್ಲಿ ಊರೇ ಬಂದು ಕೂರುತ್ತದೆ ಅನ್ನುವುದು ತಲೆಗೆ ಬರಲಿಲ್ಲ. ನಮ್ಮ ರಸ್ತೆಯಲ್ಲಿ ಖಾಲಿ ಜಾಗ ಕಂಡರೆ ಜನರಿಗೆ ಕೈ ತುರಿಸುತ್ತದೆ. "ಹೆಂಗೂ ಹೊಂಟಿಯಲ್ಲ" ಅಂದರೆ ಮುಗಿಯಿತು, ಬಾಡಿಗೆ ಚುಕ್ತಾ.

ಮೊದಲ ದಿನ ಬೆಳಗ್ಗೆ ಅವ್ವ ರೊಟ್ಟಿ ಕಟ್ಟು ಒಳಗಿಟ್ಟು ಕೈ ತೆಗೆಯುವ ಮೊದಲೇ ಪಕ್ಕದ ಮನೆ ಅಕ್ಕ ಬಂದಳು.

"ಹಂಪಿ ಕಡಿಗೆ ಹೆಂಗೂ ಹೊಂಟಿಯಲ್ಲ, ಈ ಎರಡು ಕಾಯಿ ನಮ್ಮ ಅತ್ತಿಗಿಗೆ ಕೊಟ್ಟುಬಿಡು."

"ಅಕ್ಕಾ, ರೊಟ್ಟಿ ಐತಿ ಒಳಗ."

"ನಾನೇನು ರೊಟ್ಟಿ ಮ್ಯಾಲೆ ಇಡು ಅಂದ್ನೇನು? ಬದಿಗಿಡು."

ಬೀಡಾ ಅಂಗಡಿಯ ಮಾವ ಎಲೆ ಕಟ್ಟು ತುರುಕಿದ. ಊರ ಕೊನೆಯಲ್ಲಿ ಇನ್ನೊಬ್ಬ ಯಾರದೋ ಚಪ್ಪಲಿ ಇಟ್ಟ. ರೊಟ್ಟಿ ಜೊತೆ ಚಪ್ಪಲಿ ಯಾಕೆ ಅಂತ ನಾನು ಬಾಯಿ ಮಾಡಿದ್ದಕ್ಕೆ, "ಹೊಸಾವು ಅದಾವಲೇ, ಕವರಿನ್ಯಾಗ ಅದಾವ!" ಅಂತ ನನಗೇ ಗದರಿದ. ಬ್ಯಾಗು ಈಯಲು ಬಂದ ಎಮ್ಮೆಯ ಹಾಗೆ ಉಬ್ಬಿತು.

ಊರು ದಾಟುತ್ತಲೇ ಮೋಟಾರು ನಿಂತಿತು. ಬ್ಯಾಟರಿ ತುಂಬಿದೆ ಅಂತ ಮೀಟರು ತೋರಿಸುತ್ತಿದೆ, ಗಾಡಿ ಮಾತ್ರ ಒಲ್ಲೆ ಅನ್ನುತ್ತಿದೆ. ಮೋಟಾರಿಲ್ಲದ ಎಲೆಕ್ಟ್ರಿಕ್ ಸೈಕಲ್ ತುಳಿಯುವುದೂ ಒಂದೇ, ಬಂಡೆ ನೂಕುವುದೂ ಒಂದೇ. ಮಾವನ ಹೊಟ್ಟೆ ಕರಗಲು ಇದೇ ಬೇಕಾಗಿತ್ತು, ಕರಗಿದ್ದು ನಾನು. ದಾರಿಯಲ್ಲಿ ಬೈಕ್ ನಿಲ್ಲಿಸಿದ ಒಬ್ಬ ಬ್ಯಾಟರಿಗೆ ನೀರು ಹಾಕು ಅಂದ. ಇನ್ನೊಬ್ಬ ನಿಂಬೆಹಣ್ಣು ಯಾಕೆ ಕಟ್ಟಿಲ್ಲ ಅಂತ ಕೇಳಿದ. ಇಬ್ಬರೂ ತಳ್ಳಲಿಲ್ಲ.

ಹೋಮ್‌ಸ್ಟೇ ಮುಟ್ಟುವಷ್ಟರಲ್ಲಿ ಗೆಸ್ಟ್‌ಗಳು ಬ್ರೆಡ್ ತಿಂದು ಗುಡಿ ನೋಡಲು ಹೋಗಿದ್ದರು. ಮಾಲೀಕರು ಕಟ್ಟು ಬಿಚ್ಚಿದರು. ಕಾಯಿಗಳು ಒಳಗೆ ಉರುಳಾಡಿ ತಮ್ಮ ಕೆಲಸ ಮುಗಿಸಿದ್ದವು.

"ಇದೇನಪಾ, ರೊಟ್ಟಿ ತಂದಿಯೋ ಮಂಡಕ್ಕಿ ತಂದಿಯೋ?"

"ಗಾಡಿ ಕೈ ಕೊಡ್ತರೀ."

"ಗಾಡಿ ನಂದಲ್ಲ. ನಾಳೆ ಒಂದಿನ ನೋಡ್ತೀನಿ. ಆಮ್ಯಾಲೆ ಸಂಘದವರಿಗೆ ಹೇಳ್ತೀನಿ."

ಯಾರ ಸಾಮಾನನ್ನೂ ಮುಟ್ಟಿಸದೆ ಹಾಗೇ ಮನೆಗೆ ತಳ್ಳಿಕೊಂಡು ಬಂದು ಸಿಟ್ಟಿನಿಂದ ಬ್ಯಾಗು ಕಿತ್ತೆಸೆದೆ. ಕೈ ತಗುಲಿ ಎಕ್ಸಲರೇಟರ್ ತಿರುಗಿತು, ಮೋಟಾರು ಗುಯ್ ಅಂತು! ಆಗ ಕಂಡಿತು. ಈ ಸೈಕಲ್ಲಿನಲ್ಲಿ ಬ್ರೇಕ್ ಹಿಡಿಕೆ ಒಂಚೂರು ಒತ್ತಿದರೂ ಮೋಟಾರಿನ ಕರೆಂಟು ಕಟ್ ಆಗುತ್ತದೆ. ಬ್ಯಾಗು ಹಿಡಿಕೆಗಳ ಮುಂದೆ ಅಡ್ಡ ಕೂತಿತ್ತು. ಪಕ್ಕದ ಜೇಬುಗಳು ಉಬ್ಬಿ ಎರಡನ್ನೂ ಹಿಂದಕ್ಕೆ ಒತ್ತಿದ್ದವು. ನನ್ನ ಸೈಕಲ್ಲಿಗೆ ದಾರಿಯುದ್ದಕ್ಕೂ ಬ್ರೇಕ್ ಹಿಡಿದಿದ್ದು ಎಲೆ ಕಟ್ಟು ಮತ್ತು ಚಪ್ಪಲಿ.

ಹಿಡಿಕೆಗಳ ನಡುವೆ ಕೂರುವ, ರೊಟ್ಟಿಯಷ್ಟೇ ಅಗಲದ ಬ್ಯಾಗು ಬೇಕು. ಅಂಥದ್ದು ಯಾವ ವೀಡಿಯೋದಲ್ಲೂ ಇಲ್ಲ. ಕಂಪ್ಲಿಯಲ್ಲಿ ಟ್ರ್ಯಾಕ್ಟರ್ ಸೀಟು, ಲಾರಿ ತಾಡಪಾಲು ಹೊಲಿಯುವವನೊಬ್ಬ ನಮಗೆ ದೂರದ ಸಂಬಂಧಿ. ಅಲ್ಲಿಗೆ ಬಸ್ ಹತ್ತಿದೆ. ಅಳತೆಗೆಂದು ಒಂದು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಾರ ಹಿಡಿದು ಅಳೆದುಕೊಂಡು ಹೋಗುವ ಬುದ್ಧಿ ಮನೆಯಲ್ಲಿ ಯಾರಿಗೂ ಬರಲಿಲ್ಲ. ಕಂಪ್ಲಿಯಲ್ಲಿ ಪೇಪರು ಬಿಚ್ಚಿದರೆ ಒಳಗೆ ಚೂರುಗಳು.

"ಇದರ ಅಳತಿ ಹೆಂಗ ತಗೊಳ್ಳಲೋ ಮಾರಾಯ?" ಅಂದ.

"ಜೋಡಸ್ರಿ ಅಣ್ಣಾ."

ನಾನು ಹಂಪಿ ಕಡೆಯವನು. ಒಡೆದದ್ದನ್ನು ಜೋಡಿಸಿ, ಹಿಂದೆ ಹೀಗಿತ್ತು ಅಂತ ಹೇಳುವುದು ನಮ್ಮ ಕಡೆ ದೊಡ್ಡ ಧಂದೆ. ಮೇಜಿನ ಮೇಲೆ ಚೂರು ಜೋಡಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಆಮೇಲೆ ಅಳತೆಯನ್ನು ಚಹಾ ಜೊತೆ ತಿಂದೆವು.

ಅವನು ತಾಡಪಾಲಿನಲ್ಲಿ ಹಲಗೆ ವಾದ್ಯ ಬಡಿಯುವವರ ಚೀಲದಂಥ ಚಪ್ಪಟೆ, ದುಂಡು ಬ್ಯಾಗು ಹೊಲಿದ. ಒಳಗೆ ಸೀಟಿನ ಸ್ಪಂಜು, ಹಿಂದೆ ಬಿಗಿಯಲು ಮೂರು ಬೆಲ್ಟು.

"ಒಂದು ಜೇಬು ಹಾಕ್ಲೇನು, ಮೊಬೈಲ್‌ಗೆ?"

"ಬ್ಯಾಡ. ಜೇಬು ಹಾಕಿದ್ರ ಅದ್ರಾಗ ಕಾಯಿ ಬರ್ತಾವ."

ಬ್ಯಾಗು ಹೆಡ್‌ಲೈಟ್ ಮುಚ್ಚಿತು. ಮುಚ್ಚಲಿ, ಬೆಳಗ್ಗೆ ಸೂರ್ಯ ಇರುತ್ತಾನೆ.

ಮರುದಿನ ಪಕ್ಕದ ಮನೆ ಅಕ್ಕ ಸೋರೆಕಾಯಿ ಹಿಡಿದು ಬಂದಳು. ಬ್ಯಾಗನ್ನು ಸುತ್ತ ನೋಡಿದಳು, ಹಿಂದೆ ನೋಡಿದಳು.

"ಎಲ್ಲಿ ಇಡೂದಲೇ ಇದನ್ನ?"

"ತಲಿಮ್ಯಾಲೆ ಇಡಕ್ಕಾ, ಹೊತಗೊಂಡು ಹೋಗ್ತೀನಿ."

"ಒಂದು ಸೋರಿಕಾಯಿ ಹಿಡಿಲಾರದ ಬ್ಯಾಗು ಅದೆಂಥ ಬ್ಯಾಗಲೇ! ಭಾಳ ಶಾಣ್ಯಾ ಆಗಿ ಬಿಡು!" ಅಂತ ಬಯ್ದುಕೊಂಡು ಹೋದಳು. ಅವತ್ತಿನಿಂದ ಓಣಿಯಲ್ಲಿ ನಾನು ಸೊಕ್ಕಿನವನು. ಇರಲಿ.

ಮೋಟಾರು ಎಲ್ಲೂ ನಿಲ್ಲಲಿಲ್ಲ. ರಸ್ತೆಯ ಹಂಪು ಬಂದಲ್ಲೆಲ್ಲ ನಾನು ಉಸಿರು ಹಿಡಿದೆ, ಅದರಿಂದ ರೊಟ್ಟಿಗೆ ಏನು ಉಪಯೋಗವೋ ಗೊತ್ತಿಲ್ಲ. ಮಾಲೀಕರು ಒಂದೊಂದೇ ರೊಟ್ಟಿ ಎತ್ತಿ, ಬೆಳಕಿಗೆ ಹಿಡಿದು, ನೋಟು ನೋಡುವ ಹಾಗೆ ನೋಡಿದರು. ಒಂದಕ್ಕೂ ಬಿರುಕಿರಲಿಲ್ಲ.

"ಹಾಂ, ಇದು ರೊಟ್ಟಿ. ದಿನಾ ಹಿಂಗಾ ಬರಲಿ. ಸಂಘದವರಿಗೆ ಬ್ಯಾಡ ಅಂತ ಹೇಳ್ತೀನಿ."

ರೊಟ್ಟಿ ಒಳಗಿಡಲು ಅಡುಗೆಮನೆಗೆ ಹೋದೆ. ಅಡುಗೆಯವಳು ಬೆತ್ತದ ಬುಟ್ಟಿಗೆ ಬಣ್ಣದ ಬಟ್ಟೆ ಹಾಸಿ ಕಾಯುತ್ತಿದ್ದಳು. ಬುಟ್ಟಿ ಚೆಂದ ಇತ್ತು, ರೊಟ್ಟಿಗಿಂತ ಚಿಕ್ಕದಿತ್ತು. ಅವಳು ರೊಟ್ಟಿ ತೆಗೆದು ಪಟ್ ಪಟ್ ಅಂತ ನಾಲ್ಕು ಚೂರು ಮಾಡಿ ಬುಟ್ಟಿಗೆ ಜೋಡಿಸತೊಡಗಿದಳು.

"ಯಾಕ ಮುರಿತೀರಿ? ಮಾಲೀಕ್ರು ಇಡಿ ಬೇಕು ಅಂದಾರಲ್ರೀ!"

"ಬುಟ್ಯಾಗ ಹಿಡಿಬೇಕಲ್ಲಪಾ. ಅವ್ರು ಇಡಿ ಎಣಿಸಿ ತಗೊಂತಾರ, ನಾನು ಮುರುದು ಇಡ್ತೀನಿ. ಅವ್ರ ಕೆಲಸ ಅವ್ರು, ನನ್ನ ಕೆಲಸ ನಾನು."

ಖಾಲಿ ಬ್ಯಾಗು ಬಿಗಿದುಕೊಂಡು ಮನೆಗೆ ಬಂದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು, ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು.

"ತಗೊಂಡ್ರೇನೋ?"

"ತಗೊಂಡ್ರು. ದಿನಾ ತಾ ಅಂದ್ರು."

"ಒಂದರೆ ಒಡಿತೇನು?"

"ಬ್ಯಾಗಿನ್ಯಾಗ ಒಂದೂ ಒಡಿಲಿಲ್ಲಬೇ," ಅಂದೆ.

ಅವ್ವ ನಾಳೆಯ ಜೋಳದ ಹಿಟ್ಟು ಜರಡಿ ಹಿಡಿಯಲು ಒಳಗೆ ಹೋದಳು.