ರಂಜಾನ್ ತಿಂಗಳ ಗೆರೆಗಳು

ಇಂಗ್ಲೆಂಡಿನ ಶೆಫೀಲ್ಡಿಗೆ ಓದಲು ಬಂದ ಮೂರನೆಯ ದಿನ, ವಿಶ್ವವಿದ್ಯಾಲಯದ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಯಾರೋ ಕನ್ನಡದಲ್ಲಿ ಬೈಯುತ್ತಿರುವುದು ಕೇಳಿಸಿತು. “ಲೇ, ನೆಟ್ಟಗೆ ನಿಂತ್ಕಳ್ಲಾ ಮುಂಡೇದೆ.” ಬಾಗಿಲು ತಳ್ಳಿ ನೋಡಿದೆ. ಒಳಗೆ ಒಬ್ಬರೇ ಇದ್ದರು. ಬೈಸಿಕೊಳ್ಳುತ್ತಿದ್ದುದು ಉಗುರಿನಗಲದ ಲೋಹದ ಬಿಲ್ಲೆ.

ಅವರು ಶಿರಾದ ಖಾದರ್ ಸಾಬ್. ತಂದೆ ಶಿರಾ ಪೇಟೆಯಲ್ಲಿ ಚಾಕು, ಕತ್ತರಿಗೆ ಸಾಣೆ ಹಿಡಿಯುತ್ತಿದ್ದರು. ಮಗ ಹಡಗಿನ ಕೆಲಸಕ್ಕೆ ಸೇರಿ, ಹಡಗು ಬಿಟ್ಟು, ಚಾಕು ಮಾಡುವ ಈ ಊರಿಗೆ ಬಂದು ನಿಂತಿದ್ದರು. ಮನೆಮಾತು ಉರ್ದು ಇರುವಾಗ ಕನ್ನಡದಲ್ಲೇಕೆ ಬೈಯುತ್ತೀರಿ ಎಂದು ಕೇಳಿದೆ. “ಉರ್ದೂನಾಗೆ ಬೈದ್ರೆ ನಮ್ಮಮ್ಮಿ ಕೇಳಿಸ್ಕಂಡಂಗೆ ಆಯ್ತದೆ. ಬೈಯಾಕೆ ಕನ್ನಡಾನೇ ಸಲೀಸು” ಎಂದರು. ನಾನು ಮಿಡಿಗೇಶಿಯವನು, ಮಧುಗಿರಿಯಲ್ಲಿ ಎರಡು ವರ್ಷ ಪಾಠ ಹೇಳಿದ್ದೆ ಎಂದು ತಿಳಿದ ಮೇಲೆ ಅವರಿಗೆ ನಾನು ‘ಮೇಷ್ಟ್ರೇ’ ಆದೆ.

ಇದು ಐವತ್ತರ ದಶಕದ ಕೊನೆಯ ಮಾತು. ಓದು ಮುಗಿದೊಡನೆ ಹಿಂತಿರುಗುವೆನೆಂದು ಊರಿನಲ್ಲಿ ಅಣ್ಣನಿಗೆ ಹೇಳಿ ಬಂದಿದ್ದೆ. ಈ ಊರಿನಲ್ಲಿ ಬೆಳಗ್ಗೆ ತೊಟ್ಟ ಬಿಳಿ ಕಾಲರು ಮಧ್ಯಾಹ್ನದ ಹೊತ್ತಿಗೆ ಕಪ್ಪಾಗುತ್ತದೆ. ನಮ್ಮಲ್ಲಿ ದೂಳು ಕೆಂಪು, ಕೊಡವಿದರೆ ಹೋಗುತ್ತದೆ. ಇಲ್ಲಿಯದು ಮಸಿ, ಒರೆಸಿದಷ್ಟೂ ಹರಡುತ್ತದೆ. ‘ಡಿಗ್ಸ್’ ಹುಡುಕಿ ಹೊರಟೆ, ಎಂದರೆ ಊಟ ಸೇರಿಸಿ ಕೊಡುವ ಬಾಡಿಗೆ ಕೋಣೆ. ಮೂರು ಮನೆಗಳಲ್ಲಿ ನನ್ನ ಮುಖ ನೋಡಿದ ಮೇಲೆ ಕೋಣೆ ಖಾಲಿ ಇಲ್ಲ ಎಂದರು. ನಾಲ್ಕನೆಯ ಮನೆಯಾಕೆ ಒಳಗೆ ಕರೆದಳು. ಆಕೆಯೂ ಬಸ್ಸಿನ ಕಂಡಕ್ಟರನೂ ನನ್ನನ್ನು ‘ಲವ್’ ಎಂದು ಕರೆದಾಗ ಗಾಬರಿಯಾಯಿತು. ನಮ್ಮಲ್ಲಿ ದಾರಿ ಕೇಳಿದವನಿಗೂ ‘ಅಪ್ಪಾ’ ಎನ್ನುವುದಿಲ್ಲವೇ, ಹಾಗೆ. ಅದರಲ್ಲಿ ಪ್ರೀತಿ ಇರಲೇಬೇಕೆಂದಿಲ್ಲ.

ಭಾನುವಾರಗಳನ್ನು ಖಾದರ್ ಸಾಬರ ಕೋಣೆಯಲ್ಲಿ ಕಳೆಯುತ್ತಿದ್ದೆ. ರಾಗಿ ಸಿಗುತ್ತಿರಲಿಲ್ಲ. ಗೋಧಿ ಹಿಟ್ಟಿನ ಮುದ್ದೆ ಅಂಟಾಯಿತು, ಮೈದಾದ್ದು ಇನ್ನೂ ಅಂಟಾಯಿತು. ಕೊನೆಗೆ ಓಟ್ಸ್ ಎಂಬ ಧಾನ್ಯವನ್ನು ಹುರಿದು, ಬೀಸಿ ತೊಳಸಿದಾಗ ಮುದ್ದೆ ಕೈಯಲ್ಲಿ ನಿಂತಿತು. ಆ ದಿನ ಇಬ್ಬರೂ ಪಾತ್ರೆ ಬರಿದಾಗುವವರೆಗೆ ಉಂಡೆವು.

ನನ್ನ ಕೆಲಸವನ್ನು ಹೇಳಬೇಕು. ಕಬ್ಬಿಣದಂಥ ಲೋಹದೊಳಗೆ ಅಯಸ್ಕಾಂತ ಶಕ್ತಿ ಒಂದೇ ದಿಕ್ಕಿಗೆ ಇರುವುದಿಲ್ಲ. ಹೊಲಗಳಂತೆ ತುಂಡು ತುಂಡಾಗಿ, ಒಂದೊಂದು ತುಂಡಿನಲ್ಲಿ ಒಂದೊಂದು ದಿಕ್ಕಿಗೆ ಇರುತ್ತದೆ. ಎರಡು ಹೊಲಗಳ ನಡುವಿನ ಬದುವಿನಂಥದಕ್ಕೆ ಇಲ್ಲಿ ‘ಗೋಡೆ’ ಎನ್ನುತ್ತಾರೆ. ಕನ್ನಡಿಯಂತೆ ಉಜ್ಜಿದ ಬಿಲ್ಲೆಯ ಮೇಲೆ, ನುಣ್ಣನೆಯ ಕಬ್ಬಿಣದ ಪುಡಿ ಬೆರೆತ ಸೋಪಿನ ನೀರಿನ ಒಂದು ಹನಿ ಬಿಟ್ಟರೆ ಪುಡಿ ಆ ಗೋಡೆಗಳ ಮೇಲೆ ಸಾಲುಗಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನನಗೆ ಕಾಣುತ್ತಿದ್ದುದು ಸುತ್ತಿ ಬಳಸಿ ಹರಿಯುವ ಗೆರೆಗಳ ಚಕ್ರವ್ಯೂಹ. ಕೆಲವು ಗೆರೆಗಳು ನಡುವೆಯೇ ನಿಂತುಬಿಡುತ್ತಿದ್ದವು, ಕೆಲವು ಕವಲೊಡೆಯುತ್ತಿದ್ದವು. ಆ ದೋಷಗಳನ್ನು ಎಣಿಸಿ ಅವುಗಳ ನಿಯಮ ಕಂಡುಹಿಡಿಯುವುದು ನನ್ನ ಡಾಕ್ಟರೇಟ್ ಪ್ರಬಂಧ. ಬಿಲ್ಲೆ ಉಜ್ಜುವುದು ಖಾದರ್ ಸಾಬರ ಕೆಲಸ. ಕೈಯಿಂದ ಉಜ್ಜಿದರೆ ಬೇರೆ ಲೋಹಗಳಲ್ಲಿ ಸುಳ್ಳು ಗೆರೆ ಮೂಡುವುದುಂಟೆಂದು ಗೊತ್ತಿತ್ತು. ಈ ಲೋಹದಲ್ಲಿ ಹಾಗಾಗದು, ಅಲ್ಲದೆ ಇವರ ಕೈ ಅಷ್ಟು ಹಗುರ ಎಂದು ನನ್ನ ಮಾರ್ಗದರ್ಶಕರು ಹೇಳುತ್ತಿದ್ದರು.

ಮೇ ತಿಂಗಳ ಒಂದು ಭಾನುವಾರ ನಾನು ಫೋಟೋಗಳನ್ನು ಖಾದರ್ ಸಾಬರ ಮಂಚದ ಮೇಲೆ ಹರಡಿ ಎರಡು ಗುಂಪು ಮಾಡಿದೆ. ಒಂದರಲ್ಲಿ ಒತ್ತಾದ ಗೆರೆಗಳು, ಇನ್ನೊಂದರಲ್ಲಿ ಅಗಲ ಅಂತರದವು. ಈ ವ್ಯತ್ಯಾಸಕ್ಕೆ ಕಾರಣ ನನಗೆ ಸಿಕ್ಕಿರಲಿಲ್ಲ. ಬಿಲ್ಲೆಗಳಿಗೆ ನಂಬರು ಗೀಚುತ್ತಿದ್ದವರು ಖಾದರ್ ಸಾಬರೇ. ಎರಡನೆಯ ಗುಂಪಿನ ನಂಬರುಗಳನ್ನು ಒಂದೊಂದಾಗಿ ಓದಿ ಹೇಳಿದರು:

“ಇವೆಲ್ಲ ರೋಜಾದಲ್ಲಿ ಉಜ್ಜಿದ್ದು ಮೇಷ್ಟ್ರೇ. ಕೈನಾಗೆ ಕಸುವಿರ್ಲಿಲ್ಲ.”

ದಿನಚರಿ ತೆಗೆದು ನೋಡಿದೆ. ಹನ್ನೊಂದರಲ್ಲಿ ಹತ್ತು ಬಿಲ್ಲೆಗಳು ರಂಜಾನ್ ಉಪವಾಸದ ತಿಂಗಳಿನವು.

ಅವರು ಫೋಟೋಗಳನ್ನು ಕೆಳಗಿಟ್ಟರು. “ಅಂದ್ರೆ, ಎರಡು ವರ್ಷದಿಂದ ನೀವು ಎಣಿಸ್ತಿರೋದು ನನ್ನ ಕೈನಾ?”

ನಾನು ಫೋಟೋಗಳನ್ನು ಕೂಡಿಸಿ ಚೀಲಕ್ಕೆ ಹಾಕಿಕೊಂಡೆ. ಪ್ರಬಂಧ ಒಪ್ಪಿಸಲು ಏಳು ವಾರ ಉಳಿದಿತ್ತು. ವಿಷಯ ಗೊತ್ತಿದ್ದವರು ಇಬ್ಬರೇ. ಹೇಳಿದರೆ ನನ್ನ ಪ್ರಬಂಧ ಹೋಗುತ್ತದೆ, ಅವರ ಕೆಲಸ ಹೋಗುತ್ತದೆ. ಒಂಬತ್ತು ದಿನ ಸುಮ್ಮನಿದ್ದೆ. ನಡುವೆ ಬಂದ ಭಾನುವಾರ ಒಟ್ಟಿಗೆ ಉಂಡೆವು, ಇಬ್ಬರೂ ಆ ಮಾತೆತ್ತಲಿಲ್ಲ. ಎದ್ದು ಹೊರಡುವಾಗ ಅವರು, “ನನ್ನ ಕಡೆಯಿಂದ ಮಾತು ಹೊರಗೆ ಬರಾಕಿಲ್ಲ. ನಿಮಗೆ ಹೆಂಗೆ ಸರಿಯೋ ಅಂಗೆ ಮಾಡಿ” ಎಂದರು.

ಹತ್ತನೆಯ ದಿನ ಮಾರ್ಗದರ್ಶಕರಿಗೆ ಹೇಳಿದೆ. ಸತ್ಯದ ಮೇಲಿನ ಪ್ರೀತಿಯಿಂದ ಹೇಳಿದೆನೆಂದು ಬರೆಯಲಾರೆ. ಪರೀಕ್ಷಕರು ಕಂಡುಹಿಡಿದಾರೆಂಬ ಭಯ ಹೆಚ್ಚಾಗಿತ್ತು. ಮಾರ್ಗದರ್ಶಕರು ಒಂದು ಬಿಲ್ಲೆಯನ್ನು ಆಮ್ಲದಲ್ಲಿ ಇಳಿಬಿಟ್ಟು ವಿದ್ಯುತ್ ಹರಿಸಿದರು. ಯಾರ ಕೈಯೂ ತಾಗದೆ ಮೇಲಿನ ಪದರ ಕರಗಿತು. ಮತ್ತೆ ಹನಿ ಬಿಟ್ಟು ನೋಡಿದಾಗ ಚಕ್ರವ್ಯೂಹ ಇರಲಿಲ್ಲ. ನಾಲ್ಕು ನೇರ ಗೆರೆಗಳಿದ್ದವು. ಲೋಹದೊಳಗೆ ನಿಜವಾಗಿ ಇದ್ದುದು ಅಷ್ಟೇ.

ಮಾರ್ಗದರ್ಶಕರು ನನ್ನ ಕೈಕುಲುಕಿದರು. ನನಗೆ ಇನ್ನೊಂದು ವರ್ಷ ಸಿಕ್ಕಿತು. ಉಜ್ಜುವವರು ಇನ್ನು ಬೇಕಿರಲಿಲ್ಲ, ಆ ತಿಂಗಳ ಕೊನೆಗೆ ಖಾದರ್ ಸಾಬರನ್ನು ಕೆಲಸದಿಂದ ಬಿಡಿಸಿದರು. ಹೊಸ ಪ್ರಬಂಧದಲ್ಲಿ ‘ಕೈಮೆರುಗಿನಿಂದಾಗುವ ದೋಷಗಳು’ ಎಂಬ ಅಧ್ಯಾಯವಿದೆ. ಅದರಲ್ಲಿ ಅವರ ಹೆಸರಿಲ್ಲ. ವಾಡಿಕೆ ಇಲ್ಲ ಎಂದು ಮಾರ್ಗದರ್ಶಕರು ಹೇಳಿದರು, ನಾನು ಎರಡನೆಯ ಸಲ ಕೇಳಲಿಲ್ಲ.

ಅವರು ಉಕ್ಕಿನ ಕಾರ್ಖಾನೆಗೆ ಸೇರಿದರು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಬಲಗೈಯ ಎರಡು ಬೆರಳು ಸುಟ್ಟು ಮಡಚಿಕೊಂಡವು. ಊರಿಗೆ ಹೊರಟರು. ರೈಲು ನಿಲ್ದಾಣಕ್ಕೆ ಹೋದೆ. ಕ್ಷಮೆ ಕೇಳಬೇಕೆಂದುಕೊಂಡಿದ್ದೆ, ಅವರು ಬಾಯಿ ತೆರೆಯಲು ಬಿಡಲಿಲ್ಲ. ಶಿರಾದಲ್ಲಿ ಈಗ ಯಾವ ಬಸ್ಸು ಎಷ್ಟು ಹೊತ್ತಿಗೋ ಎಂದು ಏನೇನೋ ಹೇಳುತ್ತಿದ್ದರು.

“ಒಂದಿನ ಮಿಡಿಗೇಶಿಗೆ ಹೋಗಿ ನಿಮ್ಮಣ್ಣಾರನ್ನ ಕಂಡು ಬತ್ತೀನಿ. ಯಾವಾಗ ಬತ್ತಾರೆ ಅಂತ ಕೇಳೇ ಕೇಳ್ತಾರೆ. ಏನು ಹೇಳ್ಲಿ?”

ನಾನು ಹಳಿಗಳ ಕಡೆ ನೋಡಿದೆ. ಅವರು ತಾವೇ ಹೇಳಿದರು:

“ಇನ್ನೂ ಕೆಲ್ಸ ಮುಗ್ದಿಲ್ಲ ಅಂತೀನಿ ಬುಡಿ.”

ಹಿಂದಿನ ವಾರವೇ ನನ್ನ ಪ್ರಬಂಧ ಒಪ್ಪಿಗೆಯಾಗಿತ್ತು. ಅದು ಅವರಿಗೂ ಗೊತ್ತಿತ್ತು. ನಾನು ಅವರ ಮಾತನ್ನು ತಿದ್ದಲಿಲ್ಲ.